ಬೂದಿಯ ವರ್ಷ: ಕ್ಷಾಮದ ನಡುವೆ ನ್ಯಾಯವೂ ಹಸಿರೂ

ಆರ್ಥಿಕ ಬಿಕ್ಕಟ್ಟು ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ಇದು ಕಷ್ಟಕಾಲ, ನ್ಯಾಯ ಸಮಾನತೆಗಳ ವಿಚಾರವನ್ನು ಒಳ್ಳೆಯ ದಿನಗಳು ಬಂದ ಮೇಲೆ ನೋಡೋಣ ಎಂಬುದು ಮೊದಲನೆಯದು. ಹೊಟ್ಟೆಗೇ ಗತಿಯಿಲ್ಲದಿರುವಾಗ ಮರ, ನೀರು, ಹುಲ್ಲುಗಾವಲುಗಳ ಚಿಂತೆ ಏಕೆ ಎಂಬುದು ಎರಡನೆಯದು. ಈ ಮಾತುಗಳನ್ನು ಆಡುವವರು ಸಾಮಾನ್ಯವಾಗಿ ಹಸಿದವರಲ್ಲ. ಆದರೆ ಅವುಗಳ ಬೆಲೆ ತೆರುವವರು ಕೂಲಿಕಾರರು, ತುಂಡು ಭೂಮಿಯ ರೈತರು, ನಾಲ್ಕು ಆಡುಗಳನ್ನು ನಂಬಿ ಬದುಕುವವರು.

ಇಸ್ಲಾಮೀ ಇತಿಹಾಸದ ಮೊದಲ ಶತಮಾನದಲ್ಲಿಯೇ ಈ ಎರಡು ಮಾತುಗಳಿಗೆ ಉತ್ತರವಾಗಿ ನಿಲ್ಲುವ ಅಧ್ಯಾಯವೊಂದಿದೆ. ಅದು ಹಿಜರಿ 18ನೆಯ ವರ್ಷದ, ಅಂದರೆ ಕ್ರಿ.ಶ. 639ರ ಮಹಾ ಕ್ಷಾಮ. ಎರಡನೆಯ ಖಲೀಫಾ ಹಝ್ರತ್ ಉಮರ್ ಬಿನ್ ಖತ್ತಾಬ್(ರ)ರ ಆಡಳಿತದ ಐದನೆಯ ವರ್ಷ. ಉಮರ್(ರ)ರ ಕುರಿತು ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಘಟನೆಯೆಂದರೆ, ಹಸಿದ ಮಕ್ಕಳ ಅಳು ಕೇಳಿ ರಾತ್ರೋರಾತ್ರಿ ಹಿಟ್ಟಿನ ಮೂಟೆಯನ್ನು ಸ್ವತಃ ಬೆನ್ನ ಮೇಲೆ ಹೊತ್ತು ತಂದದ್ದು. ಮದ್ರಸಗಳಲ್ಲಿ ನಾವು ಅದನ್ನು ವರ್ಷವರ್ಷವೂ ಹೇಳುತ್ತೇವೆ, ಹೇಳಲೇಬೇಕು. ಆದರೆ ಒಂದು ಮೂಟೆ ಹಿಟ್ಟಿನಿಂದ ಒಂದು ಮನೆ ಉಳಿದೀತು. ಒಂದು ನಾಡು ಉಳಿಯಬೇಕಾದರೆ ಆ ಹಿಟ್ಟು ಎಲ್ಲಿಂದ ಬರುತ್ತದೆ, ಯಾರ ಕೈಗೆ ಮೊದಲು ಸೇರುತ್ತದೆ, ಅದನ್ನು ಬೆಳೆಯುವ ನೆಲ ಮತ್ತು ನೀರು ಯಾರ ವಶದಲ್ಲಿವೆ ಎಂಬ ಪ್ರಶ್ನೆಗಳಿಗೂ ಉತ್ತರ ಬೇಕು. ಉಮರ್(ರ) ಈ ಪ್ರಶ್ನೆಗಳನ್ನು ಹೇಗೆ ಎದುರಿಸಿದರು ಎಂಬುದನ್ನು ನಾವು ಅಷ್ಟಾಗಿ ಓದಿಲ್ಲ, ಓದಿಸಿಯೂ ಇಲ್ಲ.

ಆಮುರ್ರಮಾದ

ಅರಬಿಯಲ್ಲಿ ‘ರಮಾದ್’ ಎಂದರೆ ಬೂದಿ. ಆ ವರ್ಷವನ್ನು ಅರಬರು ‘ಆಮುರ್ರಮಾದ’ ಅಂದರೆ ಬೂದಿಯ ವರ್ಷ ಎಂದು ಕರೆದರು. ಮಳೆ ನಿಂತುಹೋಗಿ ನೆಲವೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗಾಳಿ ಬೀಸಿದರೆ ಮಣ್ಣು ಬೂದಿಯಂತೆ ಹಾರುತ್ತಿತ್ತು. ಸುಮಾರು ಒಂಬತ್ತು ತಿಂಗಳ ಕಾಲ ಹಿಜಾಝ್ ಪ್ರಾಂತ ಈ ಸ್ಥಿತಿಯಲ್ಲಿತ್ತು. ಹಸಿವು ತಾಳಲಾರದೆ ಕಾಡುಪ್ರಾಣಿಗಳು ಜನವಸತಿಗೆ ಬರುತ್ತಿದ್ದವೆಂದೂ, ಆಡನ್ನು ಕೊಯ್ದವನು ಅದರ ಒಣಕಲು ಮಾಂಸವನ್ನು ಕಂಡು ತಿನ್ನಲಾಗದೆ ಬಿಟ್ಟುಬಿಡುತ್ತಿದ್ದನೆಂದೂ ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಅದೇ ಸುಮಾರಿಗೆ ಶಾಮ್ ಪ್ರಾಂತದಲ್ಲಿ ಅಮ್‌ವಾಸ್‌ನ ಪ್ಲೇಗ್ ಹರಡಿತ್ತು. ಅಬೂ ಉಬೈದಾ(ರ), ಮುಆದ್ ಬಿನ್ ಜಬಲ್(ರ)ರಂತಹ ಹಿರಿಯ ಸಹಾಬಿಗಳು ಆ ಪ್ಲೇಗಿಗೆ ಬಲಿಯಾದರು.

ಹಿಜಾಝಿನ ಅರ್ಥವ್ಯವಸ್ಥೆ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಮದೀನಾದಲ್ಲಿ ಖರ್ಜೂರದ ತೋಟಗಳಿದ್ದವು, ಅಲ್ಪಸ್ವಲ್ಪ ಬಾರ್ಲಿ ಬೆಳೆಯುತ್ತಿತ್ತು. ಸುತ್ತಲಿನ ಮರುಭೂಮಿಯ ಬುಡಕಟ್ಟುಗಳಿಗೆ ಒಂಟೆ ಮತ್ತು ಆಡುಕುರಿಗಳೇ ಸರ್ವಸ್ವ. ಹುಲ್ಲು ಒಣಗಿದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಊಟವಿಲ್ಲ. ಪ್ರಾಣಿ ಸತ್ತರೆ ಮುಂದಿನ ವರ್ಷ ಮಳೆ ಬಂದರೂ ಬದುಕು ಮತ್ತೆ ಆರಂಭಿಸಲು ಏನೂ ಉಳಿಯುವುದಿಲ್ಲ. ಹೀಗೆ ಬೇರು ಕಳಚಿದ ಜನ ಸಾವಿರಗಟ್ಟಲೆ ಮದೀನಾದತ್ತ ಹರಿದುಬಂದರು.

ಮೊದಲು ಎಣಿಕೆ

ಉಮರ್(ರ) ಮದೀನಾದ ಹೊರವಲಯವನ್ನು ಭಾಗ ಮಾಡಿ ಒಂದೊಂದು ಭಾಗಕ್ಕೆ ಒಬ್ಬೊಬ್ಬ ಮೇಲ್ವಿಚಾರಕರನ್ನು ನೇಮಿಸಿದರು. ಅವರು ಪ್ರತಿ ಸಂಜೆ ಖಲೀಫಾರ ಬಳಿ ಸೇರಿ ಆ ದಿನದ ವರದಿ ಒಪ್ಪಿಸಬೇಕಿತ್ತು. ಬೆಳಗಾಗುವ ಮೊದಲೇ ದೊಡ್ಡ ಹಂಡೆಗಳಲ್ಲಿ ಅಡುಗೆ ಆರಂಭವಾಗುತ್ತಿತ್ತು. ಒಂದು ರಾತ್ರಿ ಊಟಕ್ಕೆ ಬಂದವರನ್ನು ಎಣಿಸುವಂತೆ ಅವರು ಆದೇಶಿಸಿದರು. ಇಬ್ನು ಸಅದ್ ತಮ್ಮ ‘ತಬಕಾತ್’ ಗ್ರಂಥದಲ್ಲಿ ಕೊಡುವ ಲೆಕ್ಕದಂತೆ ಆ ರಾತ್ರಿ 7,000 ಮಂದಿ ಉಂಡಿದ್ದರು. ಖಲೀಫಾ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಊಟದ ಸಾಲಿಗೆ ಬರಲಾಗದ ರೋಗಿಗಳನ್ನೂ ಹೆಂಗಸರು ಮಕ್ಕಳನ್ನೂ ಎಣಿಸಿರಿ ಎಂದರು. ಅವರ ಸಂಖ್ಯೆ 40,000 ಆಗಿತ್ತು. ಕೆಲವು ದಿನಗಳ ನಂತರ ಈ ಸಂಖ್ಯೆಗಳು ಕ್ರಮವಾಗಿ 10,000 ಮತ್ತು 50,000ಕ್ಕೆ ಏರಿದವು.

ಈ ಎರಡನೆಯ ಎಣಿಕೆಯನ್ನು ನಾವು ಗಮನಿಸಬೇಕು. ಸಾಲಿನಲ್ಲಿ ನಿಂತವರಿಗೆ ಬಡಿಸಿ ಕೈತೊಳೆದುಕೊಳ್ಳುವುದು ದಾನ. ಸಾಲಿಗೆ ಬರಲಾಗದವರು ಎಷ್ಟು ಮಂದಿ, ಎಲ್ಲಿದ್ದಾರೆ ಎಂದು ಹುಡುಕಿ ಅವರ ಪಾಲನ್ನು ಅವರಿದ್ದಲ್ಲಿಗೆ ತಲುಪಿಸುವುದು ಹೊಣೆಗಾರಿಕೆ. ಬಂದವರ ಐದಾರು ಪಟ್ಟು ಜನ ಬರಲಾಗದೆ ಉಳಿದಿದ್ದರು ಎಂಬುದು ಆ ಎಣಿಕೆಯಿಂದಲೇ ಗೊತ್ತಾಯಿತು.

ಶಾಮ್ ಮತ್ತು ಇರಾಕಿನ ರಾಜ್ಯಪಾಲರಿಗೆ ಪತ್ರಗಳು ಹೋದವು. ಶಾಮಿನಿಂದ ಮುಆವಿಯಾ(ರ) 3,000 ಒಂಟೆಗಳ ಮೇಲೆ ಹಿಟ್ಟು ಕಳುಹಿಸಿದರೆಂದೂ, ಕೂಫಾದಿಂದ 2,000 ಒಂಟೆಗಳ ಹಿಟ್ಟು ಬಂತೆಂದೂ ಇಬ್ನು ಸಅದ್ ಬರೆಯುತ್ತಾರೆ. ಬರುವ ಸಾರ್ಥಗಳನ್ನು ದಾರಿಯಲ್ಲೇ ಎದುರುಗೊಂಡು, ದೂರದ ಬುಡಕಟ್ಟುಗಳಿಗೆ ಅವರಿದ್ದಲ್ಲಿಯೇ ಆಹಾರ ಮತ್ತು ಬಟ್ಟೆ ಹಂಚುವ ವ್ಯವಸ್ಥೆಯನ್ನೂ ಖಲೀಫಾ ಮಾಡಿದ್ದರು. ಎಲ್ಲರೂ ಮದೀನಾಕ್ಕೇ ಬಂದು ಬೇಡಬೇಕಾದ ಪರಿಸ್ಥಿತಿಯನ್ನು ತಪ್ಪಿಸುವುದು ಅದರ ಉದ್ದೇಶ.

ಹೊರೆ ಯಾರ ಹೆಗಲಿಗೆ?

ಬಿಕ್ಕಟ್ಟಿನ ಹೊರೆಯನ್ನು ಯಾರು ಎಷ್ಟು ಹೊರಬೇಕು ಎಂಬುದು ಎಲ್ಲ ಕಾಲದ ಅರ್ಥನೀತಿಯ ಮೂಲಪ್ರಶ್ನೆ. ಉಮರ್(ರ) ಅದನ್ನು ತಮ್ಮ ತಟ್ಟೆಯಿಂದಲೇ ಆರಂಭಿಸಿದರು. ಜನರ ಕಷ್ಟ ನೀಗುವವರೆಗೆ ತುಪ್ಪ, ಹಾಲು, ಮಾಂಸಗಳನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಬರಿಯ ಎಣ್ಣೆಯನ್ನು ನೆಚ್ಚಿಕೊಂಡು ಅವರ ಬಿಳಿಯ ಮೈಬಣ್ಣ ಕಪ್ಪಿಟ್ಟಿತೆಂದು ಕಂಡವರು ಹೇಳಿದ್ದಾರೆ. ಒಮ್ಮೆ ಅವರ ಸೇವಕ ಮಾರುಕಟ್ಟೆಗೆ ಬಂದ ಹಾಲು ತುಪ್ಪಗಳನ್ನು 40 ದಿರ್ಹಮ್‌ಗಳಿಗೆ ಕೊಂಡುತಂದಾಗ, ಇಷ್ಟು ದುಬಾರಿ ಬೆಲೆ ಏಕೆ ಕೊಟ್ಟೆ ಎಂದು ಆಕ್ಷೇಪಿಸಿ ಅವೆರಡನ್ನೂ ದಾನ ಮಾಡಿಸಿದರು. ಪ್ರಜೆಗಳಿಗೆ ತಟ್ಟಿದ್ದು ತಮಗೆ ತಟ್ಟದಿದ್ದರೆ ಅವರ ಸಂಕಟ ತಮಗೆ ತಿಳಿಯುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮನೆಯ ಮಗುವಿನ ಕೈಯಲ್ಲಿ ಕಲ್ಲಂಗಡಿಯನ್ನು ಕಂಡು, ಸಮುದಾಯ ಹಸಿದಿರುವಾಗ ಅಮೀರುಲ್ ಮುಅ್‌ಮಿನೀನರ ಮಗ ಹಣ್ಣು ತಿನ್ನುವುದೇ ಎಂದು ಗದರಿದಾಗ ಮಗು ಅಳುತ್ತಾ ಓಡಿತು. ಅದು ಹಿಡಿಯಷ್ಟು ಖರ್ಜೂರದ ಬೀಜ ಕೊಟ್ಟು ಕೊಂಡ ಹಣ್ಣು ಎಂದು ಅನಂತರ ತಿಳಿಯಿತು.

ಉಳ್ಳವರ ವಿಷಯದಲ್ಲಿ ಖಲೀಫಾರ ಆಲೋಚನೆ ಇನ್ನೂ ಮುಂದಕ್ಕೆ ಹೋಗಿತ್ತು. ಇಮಾಮ್ ಬುಖಾರಿಯವರ ‘ಅಲ್ ಅದಬುಲ್ ಮುಫ್ರದ್’ನಲ್ಲಿರುವ ವರದಿಯಂತೆ, ಮಳೆ ಬಾರದೇ ಹೋಗಿದ್ದರೆ ಅನುಕೂಲವಂತರ ಪ್ರತಿಯೊಂದು ಮನೆಗೂ ಆ ಮನೆಯವರಷ್ಟೇ ಸಂಖ್ಯೆಯ ಬಡವರನ್ನು ಸೇರಿಸಲು ಅವರು ನಿರ್ಧರಿಸಿದ್ದರು. ಒಬ್ಬನಿಗೆ ಸಾಕಾಗುವ ಅನ್ನವನ್ನು ಇಬ್ಬರು ಹಂಚಿಕೊಂಡರೆ ಇಬ್ಬರೂ ಸಾಯುವುದಿಲ್ಲ ಎಂಬುದು ಅದರ ಹಿಂದಿನ ಸರಳ ಲೆಕ್ಕ. ಕೊರತೆ ಬಂದಾಗ ಕೆಲವರು ಪೂರ್ತಿ ಉಂಡು ಕೆಲವರು ಪೂರ್ತಿ ಹಸಿಯುವುದಕ್ಕಿಂತ ಎಲ್ಲರೂ ಅರೆಹೊಟ್ಟೆ ಉಣ್ಣುವುದು ನ್ಯಾಯ.

ಇಲ್ಲದವರ ವಿಷಯದಲ್ಲಿ ರಾಜ್ಯ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಿತು. ಜಾನುವಾರುಗಳ ಝಕಾತ್ ವಸೂಲಿಯನ್ನು ಆ ವರ್ಷ ಮುಂದೂಡಲಾಯಿತು. ಮಳೆ ಬಂದು ಹಿಂಡುಗಳು ಚೇತರಿಸಿಕೊಂಡ ಮೇಲೆ ಎರಡು ವರ್ಷಗಳ ಝಕಾತನ್ನು ಒಟ್ಟಿಗೆ ಸಂಗ್ರಹಿಸಲು ಅಧಿಕಾರಿಗಳು ಹೋದರು. ಅದರಲ್ಲಿ ಒಂದು ವರ್ಷದ ಪಾಲನ್ನು ಅಲ್ಲಿಯ ಬಡವರಿಗೇ ಹಂಚಿ ಇನ್ನೊಂದನ್ನು ಮಾತ್ರ ಮದೀನಾಕ್ಕೆ ತರಬೇಕೆಂಬುದು ಆದೇಶವಾಗಿತ್ತು. ತೆರಿಗೆ ತೆಗೆದುಕೊಳ್ಳಲು ಬರವು ಒಂದು ನೆಪವಾಗಲಿಲ್ಲ, ಬಿಡಲು ಕಾರಣವಾಯಿತು.

ಬರಗಾಲದಲ್ಲಿ ಹಸಿವಿನಿಂದ ಕದ್ದವನ ಕೈ ಕಡಿಯುವ ಶಿಕ್ಷೆಯನ್ನು ಉಮರ್(ರ) ತಡೆಹಿಡಿದದ್ದು ಫಿಕ್‌ಹ್ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಇದರ ಜೊತೆಗೆ ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿರುವ ಪ್ರಕರಣವೊಂದನ್ನೂ ಓದಬೇಕು. ಹಾತಿಬ್ ಎಂಬವರ ಮನೆಯ ಗುಲಾಮರು ಮುಝೈನಾ ಗೋತ್ರದವನೊಬ್ಬನ ಒಂಟೆಯನ್ನು ಕದ್ದು ಕೊಯ್ದು ತಿಂದಿದ್ದರು. ಮೊದಲು ಶಿಕ್ಷೆ ವಿಧಿಸಲು ಮುಂದಾದ ಖಲೀಫಾ, ಮಾಲೀಕನೇ ಇವರನ್ನು ಹಸಿವಿನಲ್ಲಿಟ್ಟಿದ್ದಾನೆ ಎಂದು ಮನಗಂಡು ತೀರ್ಪನ್ನು ಬದಲಿಸಿದರು. ಒಂಟೆಯ ಬೆಲೆ 400 ದಿರ್ಹಮ್ ಆಗಿತ್ತು. ಅದರ ಎರಡರಷ್ಟನ್ನು, ಅಂದರೆ 800 ದಿರ್ಹಮ್‌ಗಳನ್ನು, ಮಾಲೀಕನೇ ತೆರಬೇಕಾಯಿತು. ಕಳ್ಳತನ ಮಾಡಿದ ಕೈಯನ್ನು ನೋಡುವ ಕಾನೂನು ಅದರ ಹಿಂದಿನ ಖಾಲಿ ಹೊಟ್ಟೆಯನ್ನೂ, ಆ ಹೊಟ್ಟೆಯನ್ನು ಖಾಲಿ ಇಟ್ಟವನನ್ನೂ ನೋಡಬೇಕೆಂಬ ಪಾಠ ಇದರಲ್ಲಿದೆ.

ಮಾರುಕಟ್ಟೆಯ ಶಿಸ್ತು

ಕ್ಷಾಮಕಾಲದಲ್ಲಿ ಜನರನ್ನು ಕೊಲ್ಲುವುದು ಬರಗಾಲವೊಂದೇ ಅಲ್ಲ, ದಾಸ್ತಾನು ಕೂಡ. ಮದೀನಾದ ಮಾರುಕಟ್ಟೆಯಲ್ಲಿ ಅಕ್ರಮ ದಾಸ್ತಾನಿಗೆ ಜಾಗವಿಲ್ಲ ಎಂದು ಉಮರ್(ರ) ಘೋಷಿಸಿದ್ದರು. ಕೈಯಲ್ಲಿ ಹಣವಿದೆಯೆಂದು ಊರಿಗೆ ಬಂದ ಧಾನ್ಯವನ್ನೆಲ್ಲ ಕೊಂಡು ಕೂಡಿಡುವವರಿಗೆ ಈ ತಡೆ. ಆದರೆ ಚಳಿಯಲ್ಲೂ ಬಿಸಿಲಲ್ಲೂ ಬೆನ್ನು ಬಾಗಿಸಿ ಹೊರಗಿನಿಂದ ಸರಕು ಹೊತ್ತು ತರುವ ವ್ಯಾಪಾರಿ ತಮ್ಮ ಅತಿಥಿ, ಅವನು ತನಗೆ ಬೇಕಾದಂತೆ ಮಾರಲಿ ಎಂದೂ ಅವರು ಹೇಳಿದರು. ದುಡಿದು ತರುವವನಿಗೆ ಸ್ವಾತಂತ್ರ್ಯ, ಕೂತು ಕೂಡಿಡುವವನಿಗೆ ಕಡಿವಾಣ. ವ್ಯಾಪಾರವನ್ನು ವಿರೋಧಿಸದೆಯೇ ಶೋಷಣೆಯನ್ನು ತಡೆಯುವ ಈ ವಿವೇಕ ವ್ಯಾಪಾರವೇ ಕಸುಬಾಗಿರುವ ನಮ್ಮ ಅನೇಕ ಕುಟುಂಬಗಳಿಗೆ ತಿಳಿದಿರಬೇಕು.

ಇನ್ನೊಂದು ಪ್ರಕರಣವೂ ‘ಮುವತ್ತಾ’ದಲ್ಲಿದೆ. ಉಮರ್(ರ) ಜನರಿಗೆಂದು ಮಂಜೂರು ಮಾಡಿದ್ದ ಧಾನ್ಯವನ್ನು ಹಕೀಮ್ ಬಿನ್ ಹಿಝಾಮ್(ರ) ಕೊಂಡು, ಅದು ತಮ್ಮ ವಶಕ್ಕೆ ಬರುವ ಮೊದಲೇ ಇನ್ನೊಬ್ಬರಿಗೆ ಮಾರಿದ್ದರು. ಸುದ್ದಿ ತಿಳಿದ ಖಲೀಫಾ ಆ ಮಾರಾಟವನ್ನು ರದ್ದುಪಡಿಸಿದರು. ಹಕೀಮ್(ರ) ಗೌರವಾನ್ವಿತ ಸಹಾಬಿ. ಆದರೂ ನಿಯಮ ನಿಯಮವೇ. ಕಣ್ಣಿಗೆ ಕಾಣದ ಧಾನ್ಯ ಚೀಟಿಯ ರೂಪದಲ್ಲಿ ಕೈಯಿಂದ ಕೈಗೆ ದಾಟುತ್ತಾ ಹೋದರೆ ಪ್ರತಿ ಕೈಯಲ್ಲೂ ಬೆಲೆ ಏರುತ್ತದೆ, ಕೊನೆಗೆ ಅದನ್ನು ತೆರುವವನು ಹಸಿದವನೇ.

ಅನ್ನದ ಕಾಲುವೆ

ಒಂಟೆಗಳ ಸಾರ್ಥ ಒಂದು ವರ್ಷವನ್ನು ದಾಟಿಸಬಹುದು. ಮುಂದಿನ ಬರಕ್ಕೆ ಏನು ಮಾಡುವುದು? ಈಜಿಪ್ಟಿನ ವಿಜಯ ಹಿಜರಿ 20ರ ಸುಮಾರಿಗೆ ಪೂರ್ಣಗೊಂಡ ಬಳಿಕ ಇದಕ್ಕೊಂದು ಶಾಶ್ವತ ಉತ್ತರ ಸಿಕ್ಕಿತು. ನೈಲ್ ನದಿಯಿಂದ ಕೆಂಪು ಸಮುದ್ರಕ್ಕೆ ರೋಮನ್ ದೊರೆ ಟ್ರಾಜನನ ಕಾಲದಲ್ಲಿ ಹರಿಯುತ್ತಿದ್ದ ಹಳೆಯ ಕಾಲುವೆಯೊಂದು ಹೂಳು ತುಂಬಿ ಮುಚ್ಚಿಹೋಗಿತ್ತು. ಉಮರ್(ರ)ರ ಆದೇಶದಂತೆ ರಾಜ್ಯಪಾಲ ಅಮ್ರ್ ಬಿನ್ ಆಸ್(ರ) ಅದನ್ನು ಮತ್ತೆ ತೋಡಿಸಿದರು. ಫುಸ್ತಾತ್ ಬಳಿಯಿಂದ ಇಂದಿನ ಸುಯೆಜ್ ಸಮೀಪದ ಕುಲ್ಝುಮ್‌ವರೆಗಿನ ಈ ಕಾಲುವೆಗೆ ‘ಖಲೀಜ್ ಅಮೀರುಲ್ ಮುಅ್‌ಮಿನೀನ್’ ಎಂಬ ಹೆಸರಾಯಿತು. ಒಂದು ವರ್ಷದೊಳಗೇ ದೋಣಿಗಳು ಸಾಗಿದವೆಂದು ಈಜಿಪ್ಟಿನ ಇತಿಹಾಸಕಾರ ಇಬ್ನು ಅಬ್ದುಲ್ ಹಕಮ್ ಬರೆಯುತ್ತಾರೆ. ಧಾನ್ಯ ನೀರಿನ ದಾರಿಯಲ್ಲೇ ಮದೀನಾದ ಬಂದರು ಅಲ್ ಜಾರ್ ತಲುಪುತ್ತಿತ್ತು. ಮದೀನಾದ ಬೆಲೆಗಳು ಈಜಿಪ್ಟಿನ ಬೆಲೆಗಳಿಗೆ ಸಮನಾದವೆಂದು ತಬರಿ ಹೇಳುತ್ತಾರೆ.

ಆದರೆ ಇತಿಹಾಸವನ್ನು ಓದುವಾಗ ನಮಗೆ ಹಿತವಾದ ಪುಟಗಳನ್ನು ಮಾತ್ರ ತೆರೆಯಬಾರದು. ಈ ಯೋಜನೆಯಿಂದ ಈಜಿಪ್ಟಿಗೆ ಹಾನಿಯಾದೀತೆಂದು ಅಲ್ಲಿಯವರು ಆತಂಕಪಟ್ಟಿದ್ದರೆಂದು ಇಬ್ನು ಅಬ್ದುಲ್ ಹಕಮ್ ಅವರೇ ದಾಖಲಿಸಿದ್ದಾರೆ. ಅದೇ ಶತಮಾನದಲ್ಲಿ ಬದುಕಿದ್ದ ಈಜಿಪ್ಟಿನ ಕ್ರೈಸ್ತ ಬಿಷಪ್, ನಿಕಿಯೂದ ಯೋಹಾನ್, ತನ್ನ ವೃತ್ತಾಂತದಲ್ಲಿ ಕಾಲುವೆ ತೋಡಲು ತನ್ನ ಜನರನ್ನು ಬಲವಂತವಾಗಿ ದುಡಿಸಲಾಯಿತೆಂದು ಕಟುವಾಗಿ ದೂರಿದ್ದಾರೆ. ಅದು ಸೋತವರ ದೃಷ್ಟಿಕೋನ ಎಂದು ತಳ್ಳಿಹಾಕುವುದು ಸುಲಭ. ಆದರೆ ಪೀಡಿತನ ಮೊರೆಗೂ ಅಲ್ಲಾಹನಿಗೂ ನಡುವೆ ಯಾವ ಪರದೆಯೂ ಇಲ್ಲವೆಂದು ನಂಬುವ ನಾವು ಆ ದೂರನ್ನು ಕೇಳಿಸಿಕೊಳ್ಳಲೇಬೇಕು. ಒಂದು ನಾಡಿನ ಹಸಿವನ್ನು ನೀಗಿಸುವ ಯೋಜನೆ ಇನ್ನೊಂದು ನಾಡಿನ ಬೆನ್ನ ಮೇಲೆ ನಿಲ್ಲಬಾರದು. ಇಂದು ದೂರದ ನಗರಗಳಿಗೆ ಬೆಳಕು, ನೀರು ಕೊಡಲೆಂದು ಊರು ಕಳೆದುಕೊಳ್ಳುವ ಜನರ ಪ್ರಶ್ನೆಯೂ ಇದೇ.

ಆ ಕಾಲುವೆಯ ಅಂತ್ಯವೂ ಒಂದು ಪಾಠ. ಸುಮಾರು ನೂರಿಪ್ಪತ್ತು ವರ್ಷಗಳ ಬಳಿಕ ಮದೀನಾದಲ್ಲಿ ಬಂಡಾಯವೆದ್ದಾಗ ಅಬ್ಬಾಸಿ ಖಲೀಫಾ ಮನ್ಸೂರ್ ಆ ಕಾಲುವೆಯನ್ನು ಮುಚ್ಚಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಹಸಿವು ನೀಗಿಸಲು ತೆರೆದ ದಾರಿಯನ್ನು ಹಸಿವಿನಿಂದ ದಂಡಿಸಲು ಮುಚ್ಚಲಾಯಿತು. ಒಳ್ಳೆಯ ವ್ಯವಸ್ಥೆಯನ್ನು ಕಟ್ಟಿದರೆ ಸಾಲದು, ಅದು ಅಧಿಕಾರಸ್ಥನ ಕೈಗೊಂಬೆಯಾಗದಂತೆ ಕಾಯಬೇಕು.

ಹುಲ್ಲುಗಾವಲಿನ ಬಾಗಿಲು

ಈಗ ಈ ಅಧ್ಯಾಯದ ಹೃದಯಭಾಗಕ್ಕೆ ಬರೋಣ. ಅರಬರಲ್ಲಿ ‘ಹಿಮಾ’ ಎಂಬ ಪದ್ಧತಿಯಿತ್ತು. ಹಿಮಾ ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ನಮ್ಮ ಹಳ್ಳಿಗಳ ಗೋಮಾಳವನ್ನು ನೆನಪಿಸಿಕೊಂಡರೆ ಕಲ್ಪನೆ ಸುಲಭವಾಗುತ್ತದೆ. ಆದರೆ ಇಸ್ಲಾಮ್‌ಪೂರ್ವ ಕಾಲದಲ್ಲಿ ಅದು ಬಲಶಾಲಿಗಳ ಸೊತ್ತಾಗಿತ್ತು. ಗೋತ್ರದ ಮುಖ್ಯಸ್ಥ ಎತ್ತರದ ಜಾಗದಲ್ಲಿ ನಾಯಿಯನ್ನು ಬೊಗಳಿಸಿ, ಅದರ ಸದ್ದು ಕೇಳುವಷ್ಟು ದೂರದ ಹುಲ್ಲೆಲ್ಲ ತನ್ನದೆಂದು ಸಾರುತ್ತಿದ್ದ. ಉಳಿದೆಡೆ ಎಲ್ಲರ ಜೊತೆ ತಾನೂ ಮೇಯಿಸುತ್ತಿದ್ದ. ಪ್ರವಾದಿ ಮುಹಮ್ಮದ್(ಸ) ಈ ಖಾಸಗಿ ಹಿಮಾವನ್ನು ನಿಷೇಧಿಸಿದರು. ಹಿಮಾ ಅಲ್ಲಾಹ್ ಮತ್ತು ಅವನ ರಸೂಲರಿಗೆ ಮಾತ್ರ ಎಂದರು, ಅಂದರೆ ಅದು ಸಮುದಾಯದ ಸೊತ್ತು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂಬುದು ಅವರ ಬೋಧನೆ. ಮದೀನಾದ ಸುತ್ತಲಿನ ಪ್ರದೇಶವನ್ನು ಹರಮ್ ಎಂದು ಸಾರಿ ಅಲ್ಲಿಯ ಮರಗಳನ್ನು ಕಡಿಯಬಾರದೆಂದರು. ನಕೀಅ್ ಎಂಬಲ್ಲಿ ಸಾರ್ವಜನಿಕ ಹಿಮಾವನ್ನು ಕಾಯ್ದಿಟ್ಟರು.

ಉಮರ್(ರ) ಈ ದಾರಿಯನ್ನು ವಿಸ್ತರಿಸಿ ಮದೀನಾದಿಂದ ಪೂರ್ವಕ್ಕೆ ಸುಮಾರು 200 ಕಿ.ಮೀ. ದೂರದ ರಬಝದಲ್ಲಿಯೂ ಹಿಮಾ ಮಾಡಿದರು. ಹಿಮಾದ ಮೇಲೆ ಹುನೈ ಎಂಬ ತಮ್ಮ ವಿಮೋಚಿತ ದಾಸನನ್ನು ನೇಮಿಸುವಾಗ ಅವರು ನೀಡಿದ ಸೂಚನೆ ‘ಸಹೀಹ್ ಬುಖಾರಿ’ಯಲ್ಲಿ ಉಳಿದುಬಂದಿದೆ. ಜನರೊಡನೆ ಮೃದುವಾಗಿರು, ಮರ್ದಿತನ ಪ್ರಾರ್ಥನೆಗೆ ಅಂಜು ಎಂದು ಅವರು ಆರಂಭಿಸುತ್ತಾರೆ. ಬಳಿಕ, ಕೆಲವೇ ಒಂಟೆಗಳಿರುವವನನ್ನೂ ಕೆಲವೇ ಆಡುಗಳಿರುವವನನ್ನೂ ಒಳಗೆ ಬಿಡು, ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಬಿನ್ ಅಫ್ಫಾನರ ಹಿಂಡುಗಳನ್ನು ಬಿಡಬೇಡ ಎನ್ನುತ್ತಾರೆ. ಅವರಿಬ್ಬರ ಹಿಂಡು ನಾಶವಾದರೂ ಅವರಿಗೆ ಮರಳಲು ಖರ್ಜೂರದ ತೋಟಗಳೂ ಹೊಲಗಳೂ ಇವೆ. ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ಖಲೀಫಾರ ಬಾಗಿಲಿಗೇ ಬರುತ್ತಾನೆ. ಆಗ ಅವನಿಗೆ ಚಿನ್ನ ಬೆಳ್ಳಿ ಕೊಡುವುದಕ್ಕಿಂತ ಈಗ ನೀರು ಹುಲ್ಲು ಕೊಡುವುದು ತಮಗೆ ಸುಲಭ ಎಂಬುದು ಅವರ ವಿವರಣೆ.

ಇಲ್ಲಿ ಹೆಸರಿಸಲಾದ ಇಬ್ಬರೂ ಸಾಮಾನ್ಯರಲ್ಲ. ಇಬ್ಬರೂ ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಸೇರಿದವರು, ಸಮುದಾಯಕ್ಕಾಗಿ ಧಾರಾಳವಾಗಿ ಖರ್ಚು ಮಾಡಿದವರು. ರೂಮಾ ಬಾವಿಯನ್ನು ಕೊಂಡು ಮದೀನಾದ ಜನರಿಗೆ ಬಿಟ್ಟುಕೊಟ್ಟವರು ಉಸ್ಮಾನ್(ರ)ರೇ. ಅವರ ಸದ್ಗುಣದ ಬಗ್ಗೆ ಉಮರ್(ರ)ರಿಗೆ ಸಂಶಯವಿರಲಿಲ್ಲ. ಹುಲ್ಲು ಕಡಿಮೆಯಿರುವಾಗ ಯಾರ ಹಿಂಡು ಮೊದಲು ಒಳಗೆ ಬರಬೇಕು ಎಂಬುದಷ್ಟೇ ಪ್ರಶ್ನೆ, ಅದಕ್ಕೆ ಉತ್ತರ ಕೊಡುವುದು ಅವಶ್ಯಕತೆಯೇ ಹೊರತು ಪ್ರತಿಷ್ಠೆಯಲ್ಲ.

ಹಸಿರನ್ನು ಕಾಯುವುದು ಬೇರೆ, ನ್ಯಾಯ ಮಾಡುವುದು ಬೇರೆ ಎಂದು ಭಾವಿಸುವವರು ಈ ಸೂಚನೆಯನ್ನು ಮತ್ತೆ ಮತ್ತೆ ಓದಬೇಕು. ಬೇಲಿಯಿಲ್ಲದ ಹುಲ್ಲುಗಾವಲನ್ನು ದೊಡ್ಡ ಹಿಂಡುಗಳು ಒಂದೇ ತಿಂಗಳಲ್ಲಿ ಬೋಳಾಗಿಸುತ್ತವೆ. ಬೇಲಿ ಹಾಕಿ ಎಲ್ಲರನ್ನೂ ಹೊರಗಿಟ್ಟರೆ ಹುಲ್ಲು ಉಳಿಯುತ್ತದೆ, ಬಡವ ಸಾಯುತ್ತಾನೆ. ಬೇಲಿ ಹಾಕಿ ಬಡವನಿಗೆ ಬಾಗಿಲು ತೆರೆದರೆ ಹುಲ್ಲೂ ಉಳಿಯುತ್ತದೆ, ಬಡವನೂ ಉಳಿಯುತ್ತಾನೆ. ಉಮರ್(ರ) ಆರಿಸಿದ್ದು ಈ ಮೂರನೆಯ ದಾರಿ. ಹಿಮಾ ಪದ್ಧತಿ ಶತಮಾನಗಳ ಕಾಲ ಅರೇಬಿಯಾದ ಹುಲ್ಲುಗಾವಲುಗಳನ್ನು ಉಳಿಸಿತು. 1953ರಲ್ಲಿ ಸೌದಿ ಅರಸರ ಆದೇಶದಿಂದ ಹಿಮಾಗಳು ಮುಕ್ತ ಮೇವಿಗೆ ತೆರೆದ ಬಳಿಕ ಅವುಗಳಲ್ಲಿ ಬಹಳಷ್ಟು ಬರಡಾದವು. ಇತ್ತೀಚಿನ ದಶಕಗಳಲ್ಲಿ ಲೆಬನಾನ್, ಜೋರ್ಡಾನ್‌ಗಳ ಪರಿಸರ ಕಾರ್ಯಕರ್ತರು ಅದೇ ಹೆಸರಿನಲ್ಲಿ ಅದೇ ಪದ್ಧತಿಯನ್ನು ಮತ್ತೆ ಜೀವಂತಗೊಳಿಸುತ್ತಿದ್ದಾರೆ.

ನೆಲ, ನೀರು, ನಾಳೆಯವರು

ಭೂಮಿಯ ವಿಷಯದಲ್ಲಿಯೂ ಉಮರ್(ರ)ರ ಹತ್ತು ವರ್ಷಗಳ ಆಡಳಿತ ಇದೇ ತತ್ವವನ್ನು ಅನುಸರಿಸಿತು. ಬಿಲಾಲ್ ಬಿನ್ ಹಾರಿಸ್ ಅಲ್ ಮುಝನಿ(ರ)ಗೆ ಪ್ರವಾದಿಯವರು(ಸ) ಅಕೀಕ್ ಕಣಿವೆಯ ವಿಶಾಲ ಭೂಮಿಯನ್ನು ನೀಡಿದ್ದರು. ಅವರಿಂದ ಅಷ್ಟನ್ನೂ ಸಾಗುವಳಿ ಮಾಡಲಾಗಲಿಲ್ಲ. ನಿಮ್ಮಿಂದ ಆಗುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮರಳಿಸಿರಿ ಎಂದು ಉಮರ್(ರ) ಹೇಳಿ ಅದನ್ನು ಇತರರಿಗೆ ಹಂಚಿದರು. ಬರಡು ಭೂಮಿಗೆ ಗಡಿ ಗುರುತು ಹಾಕಿ ಮೂರು ವರ್ಷ ಹಾಗೆಯೇ ಬಿಟ್ಟವನಿಗೆ ಅದರ ಮೇಲೆ ಹಕ್ಕಿಲ್ಲವೆಂದು ನಿಯಮ ಮಾಡಿದರು. ಭೂಮಿಯ ಹಕ್ಕು ಅದನ್ನು ಹಸಿರಾಗಿಸುವ ದುಡಿಮೆಯೊಂದಿಗೆ ಬೆಸೆದುಕೊಂಡಿತು.

ದಹ್ಹಾಕ್ ಬಿನ್ ಖಲೀಫಾ ಎಂಬವರು ತಮ್ಮ ಹೊಲಕ್ಕೆ ನೀರು ತರಲು ಮುಹಮ್ಮದ್ ಬಿನ್ ಮಸ್ಲಮಾ(ರ)ರ ಜಮೀನಿನ ಮೂಲಕ ನಾಲೆ ತೋಡಬೇಕಾಗಿತ್ತು. ಇಬ್ಬರಿಗೂ ನೀರು ಸಿಗುತ್ತಿದ್ದರೂ ಮುಹಮ್ಮದ್(ರ) ಒಪ್ಪಲಿಲ್ಲ. ನಿಮಗೆ ಹಾನಿಯಿಲ್ಲದ, ನಿಮ್ಮ ಸಹೋದರನಿಗೆ ಲಾಭವಿರುವ ಕೆಲಸವನ್ನು ತಡೆಯುವುದೇಕೆ ಎಂದು ಕೇಳಿದ ಉಮರ್(ರ), ನಿಮ್ಮ ಹೊಟ್ಟೆಯ ಮೇಲೆ ಹರಿಯಬೇಕಾಗಿ ಬಂದರೂ ಆ ನೀರು ಹರಿದೇ ತೀರುತ್ತದೆ ಎಂದು ನಾಲೆಯನ್ನು ತೋಡಿಸಿದರು.

ಇರಾಕಿನ ಸವಾದ್ ಎಂಬ ಫಲವತ್ತಾದ ಬಯಲು ವಶವಾದಾಗ ಅದನ್ನು ಯೋಧರಿಗೆ ಹಂಚಬೇಕೆಂದು ಕೆಲವು ಹಿರಿಯ ಸಹಾಬಿಗಳು ಒತ್ತಾಯಿಸಿದರು. ಇಂದಿನವರೇ ಎಲ್ಲವನ್ನೂ ಹಂಚಿಕೊಂಡರೆ ಮುಂದೆ ಬರುವವರಿಗೆ, ವಿಧವೆಯರಿಗೆ, ಅನಾಥರಿಗೆ ಏನು ಉಳಿಯುತ್ತದೆ ಎಂಬುದು ಉಮರ್(ರ)ರ ವಾದವಾಗಿತ್ತು. ಅನ್ಸಾರರ ಹತ್ತು ಮಂದಿ ಹಿರಿಯರನ್ನು ಕರೆದು ಸಮಾಲೋಚಿಸಿ, ಪವಿತ್ರ ಕುರ್‌ಆನಿನ ಅಲ್ ಹಶ್ರ್ ಅಧ್ಯಾಯವನ್ನು ಆಧಾರವಾಗಿಟ್ಟುಕೊಂಡು, ಭೂಮಿಯನ್ನು ಅದರ ರೈತರ ಕೈಯಲ್ಲೇ ಬಿಟ್ಟು ಕಂದಾಯವನ್ನು ಸಮುದಾಯಕ್ಕೆ ಸೇರಿಸಿದರೆಂದು ಇಮಾಮ್ ಅಬೂ ಯೂಸುಫ್ ‘ಕಿತಾಬುಲ್ ಖರಾಜ್’ನಲ್ಲಿ ವಿವರಿಸಿದ್ದಾರೆ. ಹುತಾತ್ಮರಾಗುವ ಕೆಲವೇ ದಿನಗಳ ಮುಂಚೆ ಅವರು ಆ ಭೂಮಿಯ ಅಧಿಕಾರಿಗಳಾದ ಹುದೈಫಾ(ರ) ಮತ್ತು ಉಸ್ಮಾನ್ ಬಿನ್ ಹುನೈಫ್(ರ)ರನ್ನು ನಿಲ್ಲಿಸಿ, ನೆಲ ಹೊರಲಾರದಷ್ಟು ಹೊರೆಯನ್ನು ಅದರ ಮೇಲೆ ಹೇರಿದ್ದೀರಾ ಎಂದು ಕೇಳಿದರು. ಇಲ್ಲವೆಂದರೂ ಮತ್ತೊಮ್ಮೆ ಯೋಚಿಸಿ ನೋಡಿ ಎಂದರು. ತಾವು ಬದುಕಿದ್ದರೆ ಇರಾಕಿನ ವಿಧವೆಯರು ಇನ್ನಾರ ಹಂಗಿಗೂ ಬೀಳದಂತೆ ಮಾಡುವುದಾಗಿ ಹೇಳಿದರು. ನಾಲ್ಕನೆಯ ದಿನ ಅವರ ಮೇಲೆ ಹಲ್ಲೆಯಾಯಿತು. ನೆಲಕ್ಕೂ ಸಹನೆಯ ಮಿತಿಯಿದೆ ಎಂಬ ಆ ಪ್ರಶ್ನೆ ಹದಿನಾಲ್ಕು ಶತಮಾನಗಳ ಬಳಿಕವೂ ಉತ್ತರಕ್ಕಾಗಿ ಕಾದಿದೆ.

ಮಳೆಯ ನಂತರ

ಬೂದಿಯ ವರ್ಷದ ಕೊನೆಗೆ ಉಮರ್(ರ) ಜನರನ್ನು ಕೂಡಿಸಿ ಮಳೆಗಾಗಿ ಪ್ರಾರ್ಥಿಸಿದರು. ಪ್ರವಾದಿಯವರ(ಸ) ಚಿಕ್ಕಪ್ಪ ಅಬ್ಬಾಸ್(ರ)ರನ್ನು ಮುಂದಿಟ್ಟು ಬೇಡಿಕೊಂಡದ್ದು ಬುಖಾರಿಯಲ್ಲಿದೆ. ಅಲ್ಲಾಹನ ಕರುಣೆಯಿಂದ ಮಳೆ ಸುರಿಯಿತು. ಪ್ರಾರ್ಥನೆ ಮತ್ತು ಪ್ರಯತ್ನಗಳನ್ನು ಬೇರೆ ಮಾಡುವವರು ಇಲ್ಲಿ ಗಮನಿಸಬೇಕು. ಎಣಿಕೆ, ಅಡುಗೆ, ಪತ್ರ, ಸಾರ್ಥ, ವಸೂಲಿಯ ತಡೆ ಇವುಗಳಲ್ಲಿ ಯಾವುದನ್ನೂ ಬಿಡದ ಕೈಗಳೇ ದುಆಗೆ ಎತ್ತಲ್ಪಟ್ಟವು.

ಮಳೆ ಬಂದ ಮೇಲೆ ಖಲೀಫಾರ ಕೆಲಸ ಮುಗಿಯಲಿಲ್ಲ. ಮದೀನಾದಲ್ಲಿ ಬೀಡುಬಿಟ್ಟವರನ್ನು ಬುತ್ತಿ ಮತ್ತು ಸವಾರಿಯ ಪ್ರಾಣಿಗಳೊಂದಿಗೆ ಅವರವರ ನೆಲೆಗಳಿಗೆ ಕಳುಹಿಸುವ ಏರ್ಪಾಟು ಮಾಡಿದರು. ಸ್ವತಃ ನಿಂತು ಅವರನ್ನು ಬೀಳ್ಕೊಟ್ಟರು. ಜನ ನಗರದ ಅಂಚಿನಲ್ಲಿ ಶಾಶ್ವತ ಭಿಕ್ಷುಕರಾಗಿ ಉಳಿಯದೆ ತಮ್ಮ ಹುಲ್ಲುಗಾವಲಿಗೆ ಮರಳಿ ಮತ್ತೆ ದುಡಿಯಬೇಕೆಂಬುದು ಅವರ ಇಚ್ಛೆಯಾಗಿತ್ತು. ಪರಿಹಾರದ ಯಶಸ್ಸನ್ನು ಎಷ್ಟು ಮಂದಿಗೆ ಉಣಬಡಿಸಿದೆವು ಎಂಬುದರಿಂದ ಅಳೆಯುವುದು ವಾಡಿಕೆ. ಎಷ್ಟು ಮಂದಿ ಮತ್ತೆ ತಮ್ಮ ಕಾಲ ಮೇಲೆ ನಿಂತರು ಎಂಬುದು ಅದಕ್ಕಿಂತ ಸರಿಯಾದ ಅಳತೆ.

ನಮ್ಮ ಪಾಲಿನ ಕೆಲಸ

2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರ್ ನೀರಿಗಾಗಿ ಪರದಾಡಿತು. ಬರ ನಮಗೆ ಪುಸ್ತಕದ ವಿಷಯವಲ್ಲ. ಖಲೀಫಾರ ಅಧಿಕಾರ ನಮ್ಮಲ್ಲಿಲ್ಲ ನಿಜ, ಆದರೆ ಅವರ ಪ್ರಶ್ನೆಗಳನ್ನು ನಮ್ಮ ಮಹಲ್ಲಾದ ಮಟ್ಟದಲ್ಲಿ ಕೇಳಿಕೊಳ್ಳಲು ಅಧಿಕಾರ ಬೇಕಿಲ್ಲ. ರಮಝಾನಿನಲ್ಲಿ ಬಾಗಿಲಿಗೆ ಬಂದವರಿಗೆ ಚಿಲ್ಲರೆ ಕೊಟ್ಟು ಝಕಾತ್ ಮುಗಿಯಿತೆಂದುಕೊಳ್ಳುವ ನಾವು, ಬಾಗಿಲಿಗೆ ಬಾರದವರನ್ನು ಎಣಿಸಿದ್ದೇವೆಯೇ? ಒಂದು ಕುಟುಂಬ ಮುಂದಿನ ವರ್ಷ ಬೇಡದಂತಾಗುವಷ್ಟು ಝಕಾತನ್ನು ಒಟ್ಟುಗೂಡಿಸಿ ಕೊಟ್ಟಿದ್ದೇವೆಯೇ? ಖೈಬರಿನ ತಮ್ಮ ಅತ್ಯುತ್ತಮ ಜಮೀನನ್ನು ಉಮರ್(ರ) ವಕ್ಫ್ ಮಾಡಿದರು. ಮೂಲವನ್ನು ಕಾಯ್ದುಕೊಂಡು ಫಲವನ್ನು ಹಂಚುವುದು ಅದರ ನಿಯಮ. ನಮ್ಮ ಊರಿನ ವಕ್ಫ್ ಜಮೀನಿನಲ್ಲಿ ಮರಗಳಿವೆಯೇ, ಮುಳ್ಳುಪೊದೆಗಳಿವೆಯೇ? ಮಸೀದಿಯ ಮಾಡಿನ ಮೇಲೆ ಬಿದ್ದ ಮಳೆನೀರು ಬಾವಿಗೆ ಸೇರುತ್ತದೆಯೇ, ಚರಂಡಿಗೆ ಸೇರುತ್ತದೆಯೇ? ಹರಿಯುವ ನದಿಯಲ್ಲಿ ವುಝೂ ಮಾಡುವಾಗಲೂ ದುಂದು ಮಾಡಬಾರದೆಂಬ ಬೋಧನೆಯನ್ನು ಮಕ್ಕಳಿಗೆ ಕಲಿಸುವ ನಾವು, ಮಸೀದಿಯ ನಲ್ಲಿಯನ್ನು ಎಷ್ಟು ತೆರೆಯುತ್ತೇವೆ? ಊರಿನ ಗೋಮಾಳ, ಕೆರೆಗಳ ಒತ್ತುವರಿಯ ಮಾತು ಬಂದಾಗ ನೆರೆಹೊರೆಯ ಎಲ್ಲ ಸಮುದಾಯಗಳೊಡನೆ ಸೇರಿ ನಿಲ್ಲುತ್ತೇವೆಯೇ? ಹುಲ್ಲಿಗೂ ನೀರಿಗೂ ಜಾತಿ ಧರ್ಮಗಳಿಲ್ಲ, ಹಸಿವಿಗಂತೂ ಇಲ್ಲವೇ ಇಲ್ಲ.

ಉಮರ್(ರ) ವೃದ್ಧರೊಬ್ಬರಿಗೆ ಅವರ ಜಮೀನಿನಲ್ಲಿ ಗಿಡ ನೆಡುವಂತೆ ಹೇಳಿದರೆಂದು ಒಂದು ವರದಿಯಿದೆ. ನಾಳೆ ಸಾಯುವ ಮುದುಕ ನಾನು, ನನಗೇಕೆ ಎಂದು ಅವರು ಕೇಳಿದಾಗ ಉಮರ್(ರ) ಬಿಡಲಿಲ್ಲ. ತಾವೇ ಅವರ ಜೊತೆ ಕೈಹಾಕಿ ಗಿಡ ನೆಟ್ಟರೆಂದು ಆ ವೃದ್ಧರ ಮಗ ಹೇಳಿದ್ದಾರೆ. ಅದರ ಹಣ್ಣನ್ನು ತಿನ್ನುವವರು ಬೇರೆಯವರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೊರೆಯನ್ನು ಬಲವಿದ್ದವರ ಹೆಗಲಿಗೂ, ಹುಲ್ಲುಗಾವಲಿನ ಬಾಗಿಲನ್ನು ಬಡವನ ಹಿಂಡಿಗೂ ಮೊದಲು ತೋರಿಸುವ ವಿವೇಕವನ್ನು ಅಲ್ಲಾಹನು ನಮ್ಮ ನಾಯಕರಿಗೂ ನಮಗೂ ಅನುಗ್ರಹಿಸಲಿ. ಆಮೀನ್.